ಚಪ್ಪರ ಬಿದ್ದ ಭಾನುವಾರ

ಎನ್. ಬೇಗೂರಿನ ಆಚೆ, ಕಾಡಂಚಿನ ಗಿರಿಜನರ ಹಾಡಿಯವಳು ಬೊಮ್ಮಮ್ಮ. ಕೇರಳದ ಮಾನಂದವಾಡಿ ಕಡೆಯ ಕಾಫಿ ತೋಟಕ್ಕೆ ಕೂಲಿಗೆ ಹೋಗಿದ್ದಾಗ ಯೇಸುವಿನ ಮಾತು ಕೇಳಿ ನಂಬಿದವಳು. ಹಾಡಿಗೆ ಮರಳಿದ ಮೇಲೆ ಗುಡಿಸಲ ಪಕ್ಕ ಹುಲ್ಲಿನ ಚಪ್ಪರ ಹಾಕಿಕೊಂಡು ಭಾನುವಾರ ಪ್ರಾರ್ಥನೆ ಮಾಡುತ್ತಿದ್ದಳು. ಜೊತೆಗೆ ಬರುತ್ತಿದ್ದವಳು ನಾದಿನಿ ಪ್ರೇಮಾ ಒಬ್ಬಳೇ. ಆದರೂ ಇಬ್ಬರ ಹಾಡು ಹತ್ತು ಜನರದಂತೆ ಕೇಳುತ್ತಿತ್ತು; ರಾಗ ಮಾತ್ರ ಇಬ್ಬರದೂ ಬೇರೆ ಬೇರೆ.

ಹಾಡಿಯವರಿಗೆ ಇದು ಸರಿಬರಲಿಲ್ಲ. "ನಮ್ಮ ದೇವ್ರು ಮುನಿಸ್ಕೊಂಡ್ರೆ ಯಾರು ಒಣೆ?" ಎಂದು ಯಜಮಾನ ಗುರುಸ್ವಾಮಿ ಗದರಿದ. ಅವಳನ್ನು ಕೂಲಿಗೆ ಕರೆಯುವುದನ್ನೂ ನಿಲ್ಲಿಸಿದರು. ೧೯೯೮ರ ಬೇಸಿಗೆಯ ಒಂದು ಭಾನುವಾರ ಬೆಳಿಗ್ಗೆ ಅವಳು ಸೌದೆ ಹೊತ್ತು ಬಂದು ನೋಡಿದರೆ, ಯಾರೋ ಚಪ್ಪರವನ್ನೇ ಕೆಡವಿ ಹೋಗಿದ್ದರು.

ಬೊಮ್ಮಮ್ಮ ಸೌದೆ ಹೊರೆಯನ್ನು ಅಲ್ಲೇ ಇಳಿಸಿದಳು. ಮುರಿದ ಬಿದಿರು ಗಳುವಿನ ಮೇಲೆ ಕುಸಿದು ಕೂತು, "ಯೇಸಪ್ಪಾ, ಇಲ್ಲಿದ್ದೀಯಾ, ಇಲ್ಲಾ ನೀನೂ ಇವ್ರಿಗೆ ಎದ್ರಿ ಓಡೋದ್ಯಾ?" ಎಂದು ಕೇಳಿಯೇಬಿಟ್ಟಳು. ಕೇಳಿದ್ದಕ್ಕೆ ಅವಳಿಗೇ ನಗು ಬಂತು. ನಗುತ್ತ ನಗುತ್ತ ಅಳು ಬಂತು. ಅಳು ನಿಂತಾಗ ಭಯವೂ ಹೋಗಿತ್ತು. ಪಕ್ಕದಲ್ಲಿ ಯಾರೋ ಬಂದು ಮಾತಿಲ್ಲದೆ ಕೂತ ಹಾಗೆ ಎದೆ ತಣ್ಣಗಾಯಿತು. ಇದ್ದಾನೆ, ಅನ್ನಿಸಿತು. ಅವಳಿಗೆ ಅಷ್ಟು ಸಾಕಾಗಿತ್ತು.

ಪ್ರೇಮಾ ಓಡಿಬಂದಳು. "ಇವತ್ತು ಬ್ಯಾಡ ಬುಡು, ಅತ್ತಿಗೆ!"

"ಚಪ್ಪರ ತಾನೆ ಬಿದ್ದಿರಾದು? ಗಂಟಲು ಬಿದ್ದಿಲ್ವಲ್ಲ, ಕೂತ್ಕೊ."

ಹಾಡು ಕೇಳಿ ಗುರುಸ್ವಾಮಿ ದೊಣ್ಣೆ ಹಿಡಿದು ಬಂದ. "ಏನಮ್ಮಿ, ನಮ್ ಮ್ಯಾಲೆ ಮಾಟ ಮಾಡ್ತಾ ಇದ್ದೀರಾ?"

"ಮಾಟ ಎಲ್ಲಿ ಬತ್ತದೆ ನಂಗೆ! ನೀವೇ ಕೂತು ಕೇಳ್ಕಳಿ, ಯಜಮಾನ್ರೇ."

ಅವನು ಕೂರಲಿಲ್ಲ, ದೊಣ್ಣೆಗೆ ಒರಗಿ ನಿಂತ. ಬೊಮ್ಮಮ್ಮ ಕಣ್ಣು ಮುಚ್ಚಿ ಹಾಡಿಯವರ ಹೆಸರನ್ನೆಲ್ಲ ಹೇಳಿ ಒಳ್ಳೆಯದು ಬೇಡಿದಳು. ಚಪ್ಪರ ಕೆಡವಿದವರಿಗೂ ಬೇಡಿದಳು. ಕೊನೆಗೆ, "ಯಜಮಾನ್ರ ಎಂಡ್ರು ಭದ್ರಮ್ಮನ ಬಲಗಾಲು ನೋವು ವಾಸಿಯಾಗ್ಲಪ್ಪ" ಅಂದಳು.

"ಎಡಗಾಲು ಕಣಮ್ಮಿ!" ಗುರುಸ್ವಾಮಿಗೆ ತಡೆಯಲಾಗಲಿಲ್ಲ. "ಬಲಗಾಲು ನೆಟ್ಟಗದೆ. ನಿನ್ ದೇವ್ರಿಗೆ ಸರಿಯಾಗಿ ಏಳು."

ಪ್ರೇಮಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬೊಮ್ಮಮ್ಮ ಗಂಭೀರವಾಗಿ, "ಎಡಗಾಲು, ತಂದೆ" ಎಂದು ತಿದ್ದಿಕೊಂಡಳು. ಆಮೇಲೆ ಮೂವರೂ ನಕ್ಕರು.

ಗುರುಸ್ವಾಮಿ ತನ್ನ ದೇವರನ್ನು ಬಿಡಲಿಲ್ಲ. ಬೊಮ್ಮಮ್ಮ ಬಿಡು ಅನ್ನಲೂ ಇಲ್ಲ. ಆದರೆ ಮುಂದಿನ ವಾರ ಪ್ರಾರ್ಥನೆಯ ಹೊತ್ತಿಗೆ ಪಡ್ಡೆ ಹುಡುಗರು ಗದ್ದಲಕ್ಕೆ ಬಂದಾಗ ಅವನೇ ಅಡ್ಡ ನಿಂತ.

"ಓಗ್ರಲಾ ಅತ್ಲಾಗೆ! ನಮ್ಮನೇವ್ಳ ಕಾಲಿನ ಇಸ್ಯ ಇನ್ನೂ ಮುಗ್ದಿಲ್ಲ!"