ನಾಲ್ಕು ದಿನದ ಬಿಸಿಲು

"ಹಿಂದಿನ ಗಾಜು ಒಡೆದ್ರೂ ಒಡೀಬೋದು. ಆಮೇಲೆ ನನ್ನ ಬೈಬಾರ್ದು ಅಮ್ಮಾ" ಎಂದು ಲಾನ್ಸಿ ಇನ್ನೊಮ್ಮೆ ಹೇಳಿದ. ಫೋನು ಆಗಲೇ ಅವನ ಮುಂದಿನ ನೀಲಿ ರಬ್ಬರ್ ಹಾಸಿನ ಮೇಲೆ ಬೋರಲಾಗಿ ಮಲಗಿತ್ತು.

"ಗಾಜು ಹೋದ್ರೆ ಹೋಗ್ಲಿ ಬುಡಿ. ಅದ್ರಲ್ಲಿ ನಾವೇನು ಮುಖ ನೋಡ್ಕಬೇಕಾ? ಒಳಗಿರೋ ದನಿ ಬಂದ್ರೆ ಸಾಕು" ಎಂದಳು ಜಗದಾಂಬ.

ಅವಳ ಗಂಡ ಜವರಯ್ಯ ಬಾಗಿಲ ಪಕ್ಕದ ಸ್ಟೂಲಿನ ತುದಿಯಲ್ಲಿ ಕೂತು, ಮೊಣಕಾಲಿನ ಮೇಲೆ ಎರಡೂ ಕೈ ಊರಿ, ಲಾನ್ಸಿಯ ಬೆರಳುಗಳನ್ನೇ ನೋಡುತ್ತಿದ್ದ. ಆನೇಮಹಲ್‌ನ ಆ ಅಂಗಡಿ ಹೆದ್ದಾರಿಗೆ ಅಂಟಿಕೊಂಡೇ ಇತ್ತು. ಮಂಗಳೂರು ಕಡೆಯ ಟ್ಯಾಂಕರ್ ಹಾದಾಗಲೆಲ್ಲ ಮೇಜು ನಡುಗುತ್ತಿತ್ತು. ಅದಕ್ಕೇ ಲಾನ್ಸಿ ಬಿಚ್ಚಿದ ಸ್ಕ್ರೂಗಳನ್ನು ಅಯಸ್ಕಾಂತದ ತಟ್ಟೆಯಲ್ಲಿ ಇಡುತ್ತಿದ್ದ. ಗಂಡ ಹೆಂಡತಿ ಹೆಗ್ಗದ್ದೆ ಕಡೆಯ ಎಸ್ಟೇಟಿನಿಂದ ಬೆಳಗಿನ ಬಸ್ಸಿಗೇ ಹೊರಟಿದ್ದರು. ಸಕಲೇಶಪುರದಲ್ಲಿ ಎರಡು ಅಂಗಡಿಯವರು ಫೋನನ್ನು ತಿರುಗಿಸಿ ನೋಡಿ, ಇದು ನೀರು ಹೋಗದಂಥ ಫೋನು, ಬಿಚ್ಚುವ ಸಹವಾಸವೇ ಬೇಡ ಎಂದು ವಾಪಸ್ ಕೊಟ್ಟಿದ್ದರು. ಎರಡನೆಯವನೇ ಲಾನ್ಸಿಯ ಹೆಸರು ಹೇಳಿದ್ದ.

ಫೋನು ಅವರ ಒಬ್ಬಳೇ ಮಗಳು ನವ್ಯಶ್ರೀಯದು. ಯಸಳೂರಿನ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದಳು. ಜವರಯ್ಯನಿಗೆ ಬಿಪಿಗೊಂದು, ಶುಗರಿಗೊಂದು ಮಾತ್ರೆ. ಎರಡೂ ಬಿಳಿ, ಎರಡೂ ದುಂಡಗೆ. ಮೇಲಿನ ಹೆಸರು ಓದುವಷ್ಟು ಅಕ್ಷರ ಅವನಿಗೂ ಬಾರದು, ಜಗದಾಂಬಳಿಗೂ ಬಾರದು. ಹೋದ ದಸರಾ ಮುಗಿದ ವಾರ ಜ್ವರ ಏರಿ ಹಾಸನದ ಆಸ್ಪತ್ರೆಗೆ ಹೊರಟಾಗ ನವ್ಯಶ್ರೀ ತನ್ನ ದನಿಯನ್ನೇ ಫೋನಿಗೆ ತುಂಬಿ, ಅದನ್ನೇ ಅಲಾರಂ ಮಾಡಿ, ಚಾರ್ಜಿಗೆ ಹಾಕುವುದನ್ನು ತೋರಿಸಿ ಅಪ್ಪನ ಕೈಗೆ ಕೊಟ್ಟಿದ್ದಳು. ಅಪ್ಪನ ಗುಂಡಿ ಒತ್ತುವ ಹಳೇ ಫೋನನ್ನು ತಾನು ತೆಗೆದುಕೊಂಡು ಹೋಗಿದ್ದಳು. ಒಂಬತ್ತನೇ ದಿನ ತೀರಿಕೊಂಡಳು. ಮಣ್ಣು ಮಾಡಿ ಬಂದ ಮಾರನೇ ದಿನ ಬೆಳಿಗ್ಗೆ, ಮನೆಯಲ್ಲಿ ಯಾರೂ ಇನ್ನೂ ಬಾಯಿಗೆ ನೀರು ಹಾಕದಿದ್ದ ಹೊತ್ತಿನಲ್ಲಿ, ಗೂಡಿನಲ್ಲಿದ್ದ ಫೋನು ಕರೆದಿತ್ತು.

"ಅಪ್ಪಾ... ಉಂಡ್ಯಾ? ಉಂಡಿದ್ರೆ ಕೆಂಪು ದಾರ ಕಟ್ಟಿರೋ ಚೀಲದ ಮಾತ್ರೆ ತಗಾ. ಒಂದೇ ಕಣಪ್ಪ. ಸುಮ್ನೆ ಹೂಂ ಅನ್ಬೇಡ, ತಗಾ."

ಬೆಳಿಗ್ಗೆ ಎಂಟಕ್ಕೆ ಹೀಗೊಂದು ಸಲ, ಮಧ್ಯಾಹ್ನ ಒಂದೂವರೆಗೆ ಹಸಿರು ದಾರದ ಚೀಲಕ್ಕೆ ಇನ್ನೊಂದು ಸಲ. ಒತ್ತಿ ನಿಲ್ಲಿಸುವವರೆಗೂ ಅದೇ ಮಾತು ಮತ್ತೆ ಮತ್ತೆ ಬರುತ್ತಿತ್ತು. ಜವರಯ್ಯ ಬೇಗ ಒತ್ತುತ್ತಿರಲಿಲ್ಲ. ಮಧ್ಯಾಹ್ನದ್ದನ್ನು ಕೇಳಲು ಜಗದಾಂಬ ಕಾಫಿ ಹಣ್ಣು ಕುಯ್ಯುವ ಸಾಲು ಬಿಟ್ಟು, ಗಂಡ ಕಾಫಿ ಒಣಗಿಸುವ ಕಣದವರೆಗೆ ಬುತ್ತಿ ಹಿಡಿದು ನಡೆದು ಬರುತ್ತಿದ್ದಳು. "ಅಷ್ಟು ದೂರ ಯಾಕೆ ಹೋಗ್ತೀಯೆ, ಇಲ್ಲೇ ಉಣ್ಣು" ಎಂದು ಜೊತೆಯ ಹೆಂಗಸರು ಅಂದರೆ, "ಮಗ್ಳು ಕಾಯ್ತಿರ್ತಾಳೆ" ಎನ್ನುತ್ತಿದ್ದಳು. ಮೂರು ತಿಂಗಳು ಹಾಗೆ ನಡೆಯಿತು.

"ಈ ದನಿ ಬೇರೆಲ್ಲೂ ಇಲ್ವಾ?" ಲಾನ್ಸಿ ಕೇಳಿದ. "ಯಾರಿಗಾದ್ರೂ ವಾಟ್ಸಾಪಲ್ಲಿ ಮಾತಾಡಿ ಕಳ್ಸಿರ್ತಾಳೆ. ಪಾಸ್‌ವರ್ಡ್ ಏನಾದ್ರೂ ಗೊತ್ತಿದ್ರೆ..."

"ಅವ್ಳ ಜೊತೆ ಕೆಲ್ಸಕ್ಕಿದ್ದ ಸುಚಿತ್ರಾ ಎಲ್ಲಾ ಹುಡುಕುದ್ಲು ಕಣ್ರೀ. ಬರೀ ಬರ್ದು ಕಳ್ಸಿರೋದೇ ಐತಂತೆ. ಪಾಸ್ವರ್ಡು ಅವ್ಳ ತಲೇಲಿತ್ತು, ಅವ್ಳ ಜೊತೇಲೇ ಹೋಯ್ತು." ಜಗದಾಂಬ ಸೆರಗಿನಿಂದ ಮೂಗು ಒರೆಸಿಕೊಂಡಳು. "ಇವ್ರಿಗೆ ಎಷ್ಟು ಸಲ ಬಡ್ಕಂಡೆ, ತೊಟ್ಟಿ ಹತ್ರ ಹೋಗ್ವಾಗ ಜೇಬಲ್ಲಿ ಮಡಿಕ್ಕಬೇಡಿ ಅಂತ. ಕೇಳುದ್ರೆ ತಾನೆ? ಬಗ್ಗುದ್ರು, ಬಿತ್ತು."

"ಯಾವ ತೊಟ್ಟಿ?"

"ಕಾಫಿ ತೊಳೆಯೋದು" ಎಂದ ಜವರಯ್ಯ. ಅಂಗಡಿಗೆ ಬಂದ ಮೇಲೆ ಅವನು ಆಡಿದ ಮೊದಲ ಮಾತು ಅದು.

ಲಾನ್ಸಿ ಬಿಸಿ ಗಾಳಿಯ ಗನ್ ಹಚ್ಚಿ ಫೋನಿನ ಅಂಚಿನುದ್ದಕ್ಕೂ ಹಾಯಿಸತೊಡಗಿದ.

"ಅಯ್ಯೋ, ಸುಡ್ತಿದ್ದೀರಲ್ರೀ!"

"ಸುಡಲ್ಲ ಅಮ್ಮಾ. ಕಂಪನಿಯವ್ರು ನೀರು ಹೋಗ್ಬಾರ್ದು ಅಂತ ಸುತ್ತ ಅಂಟು ಹಾಕವ್ರೆ. ನೀರೂ ಹೋಗಲ್ಲ, ನನ್ನ ಉಗುರೂ ಹೋಗಲ್ಲ ಮಾರಾಯ್ರೆ. ಬಿಚ್ಚೋ ಲೆಕ್ಕದಲ್ಲಿ ನಾನು ಇದಕ್ಕೆ ಹತ್ತಕ್ಕೆ ಎರಡೇ ಮಾರ್ಕು ಕೊಡೋದು."

"ನಮ್ಮ ಹುಡ್ಗಿ ಎಲ್ಲಾದ್ರಲ್ಲೂ ಎಂಬತ್ತರ ಮೇಲೆ ತಗಂತಿದ್ಲು" ಎಂದಳು ಜಗದಾಂಬ.

ಲಾನ್ಸಿ ನಕ್ಕ, ನಕ್ಕಿದ್ದಕ್ಕೆ ತಾನೇ ನಾಚಿದವನಂತೆ ತಲೆ ತಗ್ಗಿಸಿದ. "ಅಂಟು ಮೆತ್ತಗಾಗೋವಷ್ಟೇ ಬಿಸಿ ಕೊಡೋದು, ಎರಡು ನಿಮಿಷ. ಜಾಸ್ತಿ ಆದ್ರೆ ಬ್ಯಾಟ್ರಿ ಊದ್ಕಳ್ತದೆ."

"ಎಷ್ಟಾದ್ರೆ ಜಾಸ್ತಿ?" ಜವರಯ್ಯ ಕೇಳಿದ.

"ಅಂಗೈ ಇಟ್ಟು ತಡ್ಕಳ್ಳೋಕೆ ಆಗ್ಲಿಲ್ಲ ಅಂದ್ರೆ ಜಾಸ್ತಿ ಅಂತ್ಲೇ."

ಜವರಯ್ಯ ತನ್ನ ಅಂಗೈಯನ್ನು ಮೊಣಕಾಲಿನ ಮೇಲಿಂದ ಎತ್ತಿ ಮತ್ತೆ ಅಲ್ಲೇ ಇಟ್ಟ. ಜನವರಿಯ ಮಧ್ಯಾಹ್ನ ಸಿಮೆಂಟಿನ ಕಣದ ಮೇಲೆ ಬರಿಗಾಲಲ್ಲಿ ನಿಲ್ಲಲು ಆಗುವುದಿಲ್ಲ. ಕಾಫಿ ಎಳೆಯುವ ಆಳುಗಳು ಕಾಲಿಗೆ ಹಳೇ ಟೈರಿನ ಮೆಟ್ಟು ಹಾಕಿಕೊಂಡೇ ಇಳಿಯುತ್ತಾರೆ.

ಲಾನ್ಸಿ ತೆಳ್ಳನೆಯ ಪ್ಲಾಸ್ಟಿಕ್ ಚೂರನ್ನು ಅಂಚಿಗೆ ಇಟ್ಟವನು ನಿಂತ. "ಇದನ್ನ ಮೊದ್ಲು ಯಾರಾದ್ರೂ ಬಿಚ್ಚಿದ್ರಾ? ಒಂದು ಮೂಲೆ ಆಗ್ಲೇ ಎದ್ದೈತಲ್ಲ."

"ಯಾರೂ ಮುಟ್ಟಿಲ್ಲ" ಎಂದಳು ಜಗದಾಂಬ.

"ನೀರಿಗೆ ಬಿದ್ಮೇಲೆ ಆನ್ ಆಗಿತ್ತಾ?"

"ಆರಿ ಹೋಗೇ ಇರ್ಲಿಲ್ಲ" ಎಂದ ಜವರಯ್ಯ. "ತೊಟ್ಟೀಗಿಳ್ದು ಕಾಲಲ್ಲಿ ತಡಕಿ ಎತ್ಕಂಡೆ. ಅವತ್ತು ಒಂದೂವರೆಗೂ ಕರೀತು, ಮಾರನೇ ದಿನ ಬೆಳಿಗ್ಗೇನೂ ಕರೀತು. ಆದ್ರೆ ದನಿ ಕಂಬ್ಳಿ ಒಳಗಿಂದ ಬಂದಂಗಿತ್ತು. ನೀರು ಕುಡ್ದೈತೆ ಅಂದ್ಕಂಡೆ."

"ಆಮೇಲೆ?"

"ಆಮೇಲೇನು, ಒಣಗಿಸುದ್ರು" ಜಗದಾಂಬ ಮಾತನ್ನು ಕಿತ್ತುಕೊಂಡಳು. "ನೀರಿಗೆ ಹಾಕಿದ್ದು ಇವ್ರ ತಪ್ಪೇಯ. ಆದ್ರೆ ಒಣಗಿಸೋದ್ರಲ್ಲಿ ತಪ್ಪು ಹೇಳಂಗಿಲ್ಲ. ಮೂವತ್ತು ವರ್ಷದಿಂದ ಕಣ ಇವ್ರದ್ದೇ. ಎಸ್ಟೇಟಿನ ಲೆಕ್ಕ ಬರ್ಯೋ ರೈಟರ್ ಪರಮಶಿವಯ್ಯನೋರು ಹಸಿ ಅಳ್ಯೋ ಮಿಷನ್ನು ಇಟ್ಟು ನೋಡೋದ್ರೊಳ್ಗೆ ಇವ್ರು ಕಾಳು ಕಚ್ಚಿ ಹೇಳ್ಬುಡ್ತಾರೆ, ಇನ್ನೊಂದ್ ದಿನ ಬೇಕು ಅಂತ. ಫೋನನ್ನ ಮೊರದಲ್ಲಿಟ್ಟು, ನಾಕು ದಿನ ಬಿಸ್ಲಲ್ಲಿ ಗಂಟೆಗೊಂದು ಸಲ ಮಗ್ಗುಲು ತಿರುವಿ ಹಾಕುದ್ರು. ಮಗೀನ ನೋಡ್ಕಂಡಂಗೆ ನೋಡ್ಕಂಡ್ರು. ಆದ್ರೂ ಮೂರನೇ ದಿನಕ್ಕೆ ಬಾಯಿ ಕಟ್ಟೋಯ್ತು. ಒಳಗೆ ಇನ್ನೂ ಹಸಿ ಐತೆ ಅಂತ ಇನ್ನೊಂದು ದಿನ ಇಟ್ರು."

ಲಾನ್ಸಿಯ ಕೈ ಗಾಳಿಯಲ್ಲೇ ನಿಂತಿತು. ಅವನು ಕನ್ನಡಕ ಏರಿಸಿಕೊಂಡು ಮತ್ತೆ ಬಗ್ಗಿದ.

ಗಾಜು ಒಡೆಯದೆ ಎದ್ದು ಬಂತು. ಅದನ್ನು ಒಳಗಿನಿಂದ ಯಾರೋ ತಳ್ಳಿಕೊಟ್ಟಂತಿತ್ತು. ಕೆಳಗೆ ಬ್ಯಾಟರಿ ಹಬೆಗೆ ಉಬ್ಬಿದ ಕಡುಬಿನ ಹಾಗೆ ಊದಿಕೊಂಡಿತ್ತು. ನೀರು ತಾಗಿದರೆ ಕೆಂಪಾಗಲಿ ಎಂದು ಕಂಪನಿಯವರು ಒಳಗೆ ಎರಡು ಕಡೆ ಬಿಳಿ ಕಾಗದದ ಚೂರು ಅಂಟಿಸಿರುತ್ತಾರೆ. ಎರಡೂ ಹಾಲಿನಷ್ಟು ಬೆಳ್ಳಗಿದ್ದವು. ಸಿಮ್ಮಿನ ಬಾಯಿಗಿದ್ದ ರಬ್ಬರಿನ ಬಳೆ ಹೊಸದರಂತೆಯೇ ಇತ್ತು. ಸ್ಪೀಕರಿನ ಜಾಲರಿಯ ಹೊರಮೈಯಲ್ಲಿ ಮಾತ್ರ ಕಾಫಿಯ ಲೋಳೆ ಒಣಗಿ ಕೂತಿತ್ತು. ದನಿಯನ್ನು ಮಂಕು ಮಾಡಿದ್ದು ಅಷ್ಟೇ. ಪಂಚೆಯ ತುದಿಯಿಂದ ಒರೆಸಿ ಗೂಡಿನಲ್ಲಿ ಇಟ್ಟಿದ್ದರೆ ಎರಡು ದಿನದಲ್ಲಿ ಸರಿಹೋಗುತ್ತಿತ್ತು.

ಲಾನ್ಸಿ ಕೆಲಸ ಮುಂದುವರಿಸಿದ. ಇಪ್ಪತ್ತೊಂದು ಸ್ಕ್ರೂ ತೆಗೆದ. ರಿಬ್ಬನ್ನಿನಂಥ ತಂತಿಗಳನ್ನು ಒಂದೊಂದಾಗಿ ಬಿಡಿಸಿದ. ಬೋರ್ಡನ್ನು ಚಿಮುಟದಲ್ಲಿ ಎತ್ತಿ ಭೂತಗನ್ನಡಿಯ ಕೆಳಗೆ ಹಿಡಿದ. ಊದಿದ ಬ್ಯಾಟರಿ ಒತ್ತಿ ಒತ್ತಿ ಬೋರ್ಡು ಬಾಗಿತ್ತು. ನೆನಪೆಲ್ಲ ಇರುವ ದೊಡ್ಡ ಚಿಪ್ಪಿನ ಅಡಿಯಿಂದ ಕೂದಲೆಳೆಯಂಥ ಒಂದು ಬಿರುಕು ಈ ಅಂಚಿನಿಂದ ಆ ಅಂಚಿಗೆ ಓಡಿತ್ತು. ಆದರೂ ಅವನು ಬೇರೆ ಕರೆಂಟಿನ ತಂತಿ ತಾಗಿಸಿ ನೋಡಿದ. ಮೀಟರಿನ ಮುಳ್ಳು ಏಳಲಿಲ್ಲ. ಎರಡನೇ ಸಲವೂ ಏಳಲಿಲ್ಲ. ಮೂರನೇ ಸಲ ತಾಗಿಸುವಾಗ ಜಗದಾಂಬ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಏನಾಗೈತೆ?"

ಲಾನ್ಸಿ ಮೊದಲು ಜವರಯ್ಯನನ್ನು ನೋಡಿದ. ಆಮೇಲೆ ಅವಳ ಕಡೆ ತಿರುಗಿದ.

"ನೀರು ಅಮ್ಮಾ. ಆ ಎದ್ದ ಮೂಲೇಲಿ ಒಳಗೆ ಹೋಗ್ಬುಟ್ಟೈತೆ. ಬೆಂಗ್ಳೂರಿಗೆ ಕಳ್ಸುದ್ರೂ ಇದ್ರಲ್ಲಿ ಇನ್ನೇನೂ ಸಿಗಲ್ಲ. ಸುಳ್ಳು ಆಸೆ ಹುಟ್ಸಲ್ಲ ನಾನು."

ಜಗದಾಂಬ ಅಲ್ಲಿ ಅಳಲಿಲ್ಲ. "ನೀರು" ಎಂದು ಒಂದು ಸಲ ಅಂದಳು. ಹೊರಗೆ ಹೋಗಿ, ಹೆದ್ದಾರಿಗೆ ಬೆನ್ನು ಹಾಕಿ, ಪಕ್ಕದ ಪಂಕ್ಚರ್ ಅಂಗಡಿಯ ಡ್ರಮ್ಮಿನಿಂದ ಮುಖಕ್ಕೆ ನೀರು ಹಾಕಿಕೊಳ್ಳುತ್ತಲೇ ಇದ್ದಳು.

ಜವರಯ್ಯ ಎದ್ದು ಮೇಜಿನ ಹತ್ತಿರ ಬಂದ.

"ನೀರು ಎಲ್ಲೈತೆ ತೋರ್ಸಿ ಲಾನ್ಸಣ್ಣ."

ಲಾನ್ಸಿ ಚಿಮುಟ ಒರೆಸತೊಡಗಿದ.

"ನಾನು ದಿನಾ ನೋಡೋ ಕೆಲ್ಸ ಇದು. ನೀರು ಕುಂತಿದ್ದು ಹಿಂಗಿರಲ್ಲ, ವಾಸ್ನೇನೂ ಬೇರೆ." ಅವನು ಊದಿದ ಬ್ಯಾಟರಿಯ ಮೇಲೆ ಒಂದು ಬೆರಳಿಟ್ಟ. "ಇದು ಜಾಸ್ತಿ ಒಣಗಿರೋದು."

"ನಿಮ್ಗೆ ಹೆಂಗೆ ಗೊತ್ತಾಗ್ಬೇಕಿತ್ತು ಜವರಯ್ಯಣ್ಣ. ಎಲ್ರೂ ಒಂದಲ್ಲ ಒಂದು ಮಾಡ್ತಾರೆ. ಅಕ್ಕಿ ಡಬ್ಬೀಲಿ ಹೂಳ್ತಾರೆ, ಒಲೆ ಮೇಲೆ ಇಡ್ತಾರೆ..."

"ಅವ್ಳು ಹೇಳಿದ್ಲು." ಜವರಯ್ಯನ ದನಿ ಏರಲಿಲ್ಲ. "ತಂದ ದಿನಾನೇ ಹೇಳಿದ್ಲು. ಅಪ್ಪಾ, ಇದು ಮುಳುಗುದ್ರೂ ಸಾಯಲ್ಲ ಅಂತ. ಬಿಂದಿಗೇಲಿ ಮುಳುಗ್ಸಿ ತೋರ್ಸೋಕೂ ಬಂದ್ಲು. ನಾನೇ ಬೈದು ಕಿತ್ಕಂಡೆ. ಹುಡುಗು ಬುದ್ಧಿ ಅಂದ್ಕಂಡೆ." ಬೆರಳನ್ನು ಹಿಂದಕ್ಕೆ ತೆಗೆದುಕೊಂಡು ಕೇಳಿದ, "ನಾನು ಮುಟ್ದೆ ಹಂಗೇ ಬುಟ್ಟಿದ್ರೆ?"

ಲಾರಿಯೊಂದು ಹಾದುಹೋಯಿತು. ತಟ್ಟೆಯ ಸ್ಕ್ರೂಗಳು ಅಲುಗಲಿಲ್ಲ.

"ಹೇಳಿ."

"ಕರೀತಿತ್ತು" ಎಂದ ಲಾನ್ಸಿ.

ಜವರಯ್ಯ ತಲೆಯಾಡಿಸಿದ. ರೈಟರು ನಾಳೆಯ ಕೆಲಸ ಹೇಳಿದಾಗ ಆಡಿಸುವ ಹಾಗೆಯೇ ಆಡಿಸಿದ. ಹೊರಗೆ ಮುಖ ಒರೆಸಿಕೊಳ್ಳುತ್ತಿದ್ದ ಹೆಂಡತಿಯನ್ನು ನೋಡಿ ದನಿ ತಗ್ಗಿಸಿದ. "ಅವ್ಳಿಗೆ ನೀರು ಅಂತ್ಲೇ ಇರ್ಲಿ. ಒಣಗಿಸೋದೊಂದ್ರಲ್ಲಾದ್ರೂ ನಾನು ಸರಿಯಾಗಿ ಮಾಡ್ದೆ ಅಂದ್ಕಂಡವ್ಳೆ."

ಬ್ಯಾಟರಿ ಅಪಾಯ ಎಂದು ಲಾನ್ಸಿ ಅದನ್ನು ಮರಳಿನ ಡಬ್ಬಿಗೆ ಹಾಕಿದ. ಉಳಿದದ್ದನ್ನೆಲ್ಲ ಒಂದು ಕವರಿನಲ್ಲಿ ಜೋಡಿಸಿ ಜಗದಾಂಬಳ ಕೈಗೆ ಕೊಟ್ಟ. ಬೇಡವೆಂದರೂ ಬಸ್ಸು ಬರುವವರೆಗೆ ಅವರ ಜೊತೆ ರಸ್ತೆಬದಿಯಲ್ಲಿ ನಿಂತಿದ್ದ.

ಬಸ್ಸಿನಲ್ಲಿ ಜಗದಾಂಬ ತೊಟ್ಟಿಯನ್ನು ಬೈದಳು, ಅದನ್ನು ಕಟ್ಟಿದವರನ್ನು ಬೈದಳು, ಜೇಬು ಆಳವಾಗಿ ಹೊಲಿಯದ ದರ್ಜಿಯನ್ನು ಬೈದಳು. ಗಂಡನನ್ನು ಬೈಯಲಿಲ್ಲ. "ನೀವೂ ಎಷ್ಟು ಅಂತ ಮಾಡ್ತೀರಿ. ನಾಕು ದಿನ ಊಟ ನಿದ್ದೆ ಬುಟ್ಟು ಒಣಗಿಸುದ್ರಿ" ಎಂದು ಅವನ ತೋಳಿಗೆ ತಲೆ ಒರಗಿಸಿದಳು. ಜವರಯ್ಯ ಎದುರಿನ ಸೀಟಿನ ಕಬ್ಬಿಣದ ಕಂಬಿ ಹಿಡಿದು ಕೂತಿದ್ದ. ಇಳಿಯುವವರೆಗೂ ಬಿಡಲಿಲ್ಲ.

ಎಸ್ಟೇಟು ಮುಟ್ಟಿದಾಗ ಮೂರೂವರೆ. ಆಳುಗಳ ಮನೆಗಳಿರುವ ಲೈನಿಗೆ ಹೋಗುವ ದಾರಿ ಕಣದ ಪಕ್ಕದಲ್ಲೇ ಹಾಯುತ್ತದೆ. ಕಣದ ತುಂಬ ಹಿಂದಿನ ದಿನ ಹರವಿದ ಕಾಫಿ. ಮೇಲೆ ಕಣ್ಣು ಬಿಡಲಾಗದಂಥ ಬಿಸಿಲು. ಸ್ಟೋರಿನ ಜಗುಲಿಯಲ್ಲಿ ಕೂತಿದ್ದ ರೈಟರ್ ಪರಮಶಿವಯ್ಯನವರು "ಏನಂತೆ ಜವರಯ್ಯ?" ಎಂದರು.

"ಆಗಲ್ವಂತೆ ಬುದ್ಧಿ."

ಜವರಯ್ಯ ಲೈನಿನ ಕಡೆ ಹೋಗದೆ, ಮೆಟ್ಟೂ ಹಾಕಿಕೊಳ್ಳದೆ ಕಣಕ್ಕೆ ಇಳಿದ. ಕಾಫಿಯನ್ನು ಮರದ ಹಲಗೆಯಿಂದ ನಡುವಿಗೆ ಎಳೆದು ರಾಶಿ ಮಾಡತೊಡಗಿದ. ಮೂಲೆಯಲ್ಲಿ ಮಡಿಚಿಟ್ಟಿದ್ದ ಟಾರ್ಪಾಲನ್ನು ಬಿಚ್ಚಿದ.

"ಇದೇನಯ್ಯಾ, ಇನ್ನೂ ಎರಡು ಗಂಟೆ ಬಿಸ್ಲು ಐತೆ! ನಿನ್ನೆ ಹಾಕಿದ್ದು, ಹಸೀನೂ ಆರಿಲ್ಲ. ಈಗ್ಲೇ ಯಾಕೆ ಮುಚ್ತಿದ್ದೀಯ?"

"ಸಾಕು" ಎಂದ ಜವರಯ್ಯ.

ಜಗದಾಂಬ ಲೈನಿನ ದಾರಿಯಲ್ಲಿ ಹತ್ತು ಹೆಜ್ಜೆ ಹೋಗಿದ್ದವಳು ಆ ದನಿಗೆ ತಿರುಗಿದಳು. ಗಂಡ ಉರಿಯುವ ಸಿಮೆಂಟಿನ ಮೇಲೆ ಬರಿಗಾಲಲ್ಲಿ ನಿಂತಿದ್ದ. ದೊಡ್ಡ ಟಾರ್ಪಾಲಿನ ಒಂದು ತುದಿ ಅವನ ಕೈಯಲ್ಲಿತ್ತು. ಇನ್ನೊಂದು ತುದಿ ನೆಲದ ಮೇಲೆ ಎಳೆದಾಡುತ್ತಿತ್ತು, ಒಬ್ಬನೇ ಹೊದಿಸಲಾಗದೆ ಸುತ್ತು ಬರುತ್ತಿದ್ದ. ಅವಳು ಅವನನ್ನು ನೋಡಿದಳು. ಬಿಸಿಲನ್ನು ನೋಡಿದಳು. ಕೈಯಲ್ಲಿದ್ದ ಕವರನ್ನು ನೋಡಿದಳು. ಬಹಳ ಹೊತ್ತು ಹಾಗೇ ನಿಂತಳು.

ಆಮೇಲೆ ಹಿಂದಕ್ಕೆ ಬಂದು, ಕವರನ್ನು ಸ್ಟೋರಿನ ಗೋಡೆಯ ನೆರಳಿನಲ್ಲಿಟ್ಟು, ಕಣಕ್ಕಿಳಿದು ಟಾರ್ಪಾಲಿನ ಇನ್ನೊಂದು ತುದಿ ಎತ್ತಿಕೊಂಡಳು. ಗಾಳಿಗೆ ಅದು ಒಮ್ಮೆ ಉಬ್ಬಿ, ನಿಧಾನಕ್ಕೆ ಕಾಫಿಯ ಮೇಲೆ ಇಳಿಯಿತು.