ಮರ್ಟಿ ಲಿಲ್ಲಿಸನ ಜಿಗ್

ಅಡುಗೆಮನೆಯಲ್ಲಿ ಕೂತ ಡಿಂಪ್ನಾ ಬಟನ್ನನ್ನು ಮತ್ತೊಮ್ಮೆ ಒತ್ತಿ ತಿದಿ ಎಳೆದಳು. ಗಾಳಿ ಬುಸ್ಸೆಂದಿತು, ಸ್ವರ ಮಾತ್ರ ಬರಲಿಲ್ಲ. ನೋನಿ ಅತ್ತೆಯ ಕಾನ್ಸರ್ಟಿನಾದಲ್ಲಿ, ಎರಡು ಕೈಗಳ ನಡುವೆ ಹಿಗ್ಗಿಸಿ ಕುಗ್ಗಿಸಿ ನುಡಿಸುವ ಆ ಪುಟ್ಟ ವಾದ್ಯದಲ್ಲಿ, ಉಳಿದ ಬಟನ್ನುಗಳೆಲ್ಲ ಚೆನ್ನಾಗಿಯೇ ಇದ್ದವು, ಎಡಗೈಯ ಇದೊಂದು ಮೂಕ. ಪಕ್ಕದ ಕೋಣೆಯಲ್ಲಿ ಅತ್ತೆಯ ಶವಪೆಟ್ಟಿಗೆಗೆ ಮುಚ್ಚಳ ಹಾಕಲು ಜನ ಕಾಯುತ್ತಿದ್ದರು.

ಹನ್ನೆರಡು ವರ್ಷಗಳಿಂದ ಡಿಂಪ್ನಾ ಬೆನ್ನು ಹತ್ತಿದ್ದು ಒಂದೇ ಐರಿಶ್ ಕುಣಿತದ ಮಟ್ಟನ್ನು. ಅವಳ ಅಪ್ಪ ಕಟ್ಟಿದ, ಊರೂರಿಗೆ ಹಬ್ಬಿದ ಮರ್ಟಿ ಲಿಲ್ಲಿಸನ ಜಿಗ್. ಬಾಸ್ಟನ್ನಿನಿಂದ ಬ್ರಿಟನಿಯವರೆಗೆ ಹುಡುಕಿ ಹದಿನೇಳು ಧ್ವನಿಮುದ್ರಣ, ಒಂಬತ್ತು ಸ್ವರಲಿಪಿ ಕೂಡಿಹಾಕಿದ್ದಳು. ಒಂದಕ್ಕೂ ಇನ್ನೊಂದಕ್ಕೂ ನೂರು ವ್ಯತ್ಯಾಸ. ಆದರೆ ಎರಡನೆಯ ಭಾಗದಲ್ಲಿ ಒಂದೇ ಜಾಗಕ್ಕೆ ಬಂದಾಗ ಎಲ್ಲರೂ ಒಂದು ಸ್ವರದಷ್ಟು ಹೊತ್ತು ಸುಮ್ಮನಾಗುತ್ತಿದ್ದರು. ಎಲ್ಲಕ್ಕೂ ತಾಯಿಬೇರು ಒಂದೇ ಟೇಪು, ೧೯೬೧ರಲ್ಲಿ ಈ ಅಡುಗೆಮನೆಯಲ್ಲೇ ಡಬ್ಲಿನ್ನಿನ ಜಾನಪದ ಸಂಗೀತ ಸಂಗ್ರಾಹಕನೊಬ್ಬ ತುಂಬಿಸಿಕೊಂಡು ಹೋದದ್ದು. ಅದರ ಚೀಟಿಯ ಮೇಲೆ 'ಮರ್ಟಿ ಲಿಲ್ಲಿಸ್, ಕಾನ್ಸರ್ಟಿನಾ' ಎಂದಿತ್ತು.

"ಅವತ್ತು ಪಿಟೀಲಿನ ತಂತಿ ಹರಿದಿತ್ತು, ಅಕ್ಕಂದು ಎತ್ಕೊಂಡೆ," ಎಂದು ಅಪ್ಪ ಕೇಳಿದವರಿಗೆಲ್ಲ ಹೇಳುತ್ತಿದ್ದ. "ಆ ಮೌನ ನಮ್ಮಮ್ಮನ ನೆನಪಿಗೆ ಬಿಟ್ಟಿದ್ದು."

ಕಾನ್ಸರ್ಟಿನಾದ ಡಬ್ಬಿಯ ತಳದಲ್ಲಿ ಮಡಿಸಿದ ಹಾಳೆಯೊಂದಿತ್ತು. ಅತ್ತೆಯ ಕೈಬರಹ. ಸ್ವರಲಿಪಿ ಬಾರದವರು ಮಾಡುವಂತೆ ಬಟನ್ನಿನ ಅಂಕಿಗಳಲ್ಲೇ ಬರೆದ ಅದೇ ಜಿಗ್. ಅಲ್ಲಲ್ಲಿ ಹೊಡೆದುಹಾಕಿ, ತಿದ್ದಿ, ಮತ್ತೆ ಬರೆದಿದ್ದಳು. ಕೇಳಿ ಬರೆದುಕೊಳ್ಳುವವರು ಹಾಗೆ ತಿದ್ದುವುದಿಲ್ಲ, ಕಟ್ಟುವವರು ತಿದ್ದುತ್ತಾರೆ. ಮೌನವಿರಬೇಕಾದ ಜಾಗದಲ್ಲಿ ಆ ಮೂಕ ಬಟನ್ನಿನ ಅಂಕಿಯಿತ್ತು. ಟೇಪಿನಲ್ಲಿದ್ದದ್ದು ಯಾರ ನೆನಪಿನ ಮೌನವೂ ಅಲ್ಲ, ಅಂದೂ ಮೂಕವಾಗಿದ್ದ ಇದೇ ಬಟನ್ನು.

"ಇನ್ನೂ ಇಲ್ಲೇ ಏನ್ ಮಾಡ್ತಿದೀಯ? ಫಾದರ್ ಆಗ್ಲೇ ಬಂದಾಯ್ತು." ಅಪ್ಪ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಅತ್ತೆಯ ರೊಟ್ಟಿ ಸುಡುವ ಕಬ್ಬಿಣದ ಕಾವಲಿ. "ಚರ್ಚಲ್ಲಿ ಬಲಿಪೀಠದ ಹತ್ರ ಅವಳ ಗುರುತಿಗೆ ಇದನ್ನ ತಗೊಂಡ್ಹೋಗು. ಅವಳ ಕೈರೊಟ್ಟಿ ತಿನ್ನದ ಪಿಟೀಲಿನೋನು ಈ ಕ್ಲೇರ್ ಸೀಮೇಲಿ ಯಾವನಿದಾನೆ?"

"ನಾನು ಕಾನ್ಸರ್ಟಿನಾ ತಗೊಂಡ್ಹೋಗ್ತೀನಿ."

"ಬೇಡ."

"ಟೇಪಲ್ಲಿ ನುಡಿಸಿದ್ದು ಯಾರಪ್ಪಾ?"

ಅವನು ಹಾಳೆಯನ್ನು ನೋಡಿದ. ಕಾವಲಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ಆ ಡಬ್ಲಿನ್ನಿನೋನು ಮನೆ ಗಂಡಸು ಯಾರು ಅಂದ. ನಾನೇ ಅಂದೆ. ಅವನು ನನ್ ಹೆಸರೇ ಬರ್ಕೊಂಡ. ಆಗ ನಂಗೆ ಇಪ್ಪತ್ತೊಂದು."

"ಈಗ ಎಂಬತ್ತೆರಡು."

"ಹೆಣ ಮನೇಲಿದೆ ಡಿಂಪ್ನಾ. ಇವತ್ತೇ ಬೇಕಾ?"

"ನಾಳೆ ಅವಳು ಮಣ್ಣಲ್ಲಿರ್ತಾಳೆ. ಸಮಾಧಿ ಹತ್ರ ನೀನು ಹೇಳ್ತೀಯೋ, ನಾನು ಹೇಳ್ಲೋ?"

*

ಹದಿಮೂರನೆಯ ವಯಸ್ಸಿನಲ್ಲಿ ಡಿಂಪ್ನಾ ಜಿಲ್ಲಾ ಸ್ಪರ್ಧೆಯಲ್ಲಿ ಅದೇ ಜಿಗ್ ನುಡಿಸಿದ್ದಳು. ಕಲಿಸಿದವಳು ನೋನಿ ಅತ್ತೆ. ಹಿಟ್ಟು ನಾದುತ್ತ, ಬಾಯಲ್ಲೇ ಗುನುಗಿ, ನಡುವೆ ಎಲ್ಲೂ ನಿಲ್ಲಿಸದೆ ಕಲಿಸಿದ್ದಳು. ತೀರ್ಪುಗಾರ ಐದು ಅಂಕ ಕತ್ತರಿಸಿ 'ಮೂಲಕ್ಕೆ ವಿರುದ್ಧ' ಎಂದು ಬರೆದ. ಡಿಂಪ್ನಾ ಅತ್ತುಕೊಂಡು ಮನೆಗೆ ಬಂದವಳೇ ಅತ್ತೆಯ ಮೇಲೆ ಹರಿಹಾಯ್ದಳು.

"ನಿಂಗೆ ಗೊತ್ತಿಲ್ದಿದ್ರೆ ಯಾಕ್ ಕಲಿಸ್ತೀಯ? ಅಪ್ಪನ ಮಟ್ಟು ಹಾಳ್ಮಾಡ್ದೆ!"

ಅತ್ತೆ ಒಲೆಯ ಬಳಿ ಕೂತಿದ್ದ ತಮ್ಮನ ಕಡೆ ತಿರುಗಿದಳು. ಅವನು ಕಮಾನಿಗೆ ರಾಳ ಉಜ್ಜುತ್ತಿದ್ದ, ತಲೆಯೆತ್ತಲಿಲ್ಲ. "ಮೂಲಕ್ಕೇ ವಿರುದ್ಧವಂತೆ!" ಎಂದು ನಗಲು ಶುರುಮಾಡಿದವಳು ಏಪ್ರನ್ನಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. "ಸರಿ ಕಣೇ, ಬಿಟ್ಬಿಡು ಆ ಸ್ವರಾನ. ಎಲ್ಲರ ಹಾಗೇ ನುಡಿಸು."

*

ಬಲಿಪೀಠದ ಬಳಿಗೆ ಕಾನ್ಸರ್ಟಿನಾ ಹೋಯಿತು, ಕಾವಲಿಯೂ ಹೋಯಿತು. ಅಪ್ಪ ಮಗಳು ಅಕ್ಕಪಕ್ಕ ನಡೆದರು, ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಸ್ಮಶಾನದಲ್ಲಿ ಕಡಲಗಾಳಿಗೆ ಟೋಪಿ ಹಿಡಿದುಕೊಂಡೇ ನಿಲ್ಲಬೇಕಾಗಿತ್ತು. ಜಪಮಾಲೆಯ ಪ್ರಾರ್ಥನೆ ಮುಗಿಯಿತು. ಅಪ್ಪನ ಜೊತೆ ಹನ್ನೆರಡು ಮಂದಿ ವಾದ್ಯ ಎತ್ತಿಕೊಂಡರು. ನೆರೆಮನೆಯ ಜೋಸಿ ಹನ್ರಾಹನ್ ಕೊಳಲು ಒರೆಸುತ್ತ, "ನಿನ್ ಜಿಗ್ಗೇ ತಾನೇ ಮರ್ಟಿ? ಪಾಪ, ಜೀವಮಾನವೆಲ್ಲ ನಮಗೆ ರೊಟ್ಟಿ ಸುಟ್ಳು. ತಮ್ಮನ ಮಟ್ಟಲ್ಲೇ ಹೋಗ್ಲಿ," ಎಂದ.

ಡಿಂಪ್ನಾಳಿಗೆ ಸಿಟ್ಟು ನೆತ್ತಿಗೇರಿತು. ಜೇಬಿನಲ್ಲಿದ್ದ ಹಾಳೆಯನ್ನು ಹೊರಗೆಳೆದು, "ಒಂದ್ ನಿಮಿಷ," ಎಂದಳು. ಗಾಳಿಗೆ ಅದು ಯಾರಿಗೂ ಕೇಳಿಸಲಿಲ್ಲ, ಅಪ್ಪನಿಗೆ ಕೇಳಿಸಿತು. ಅವನು ಅವಳನ್ನೇ ನೋಡುತ್ತ ಕಮಾನು ಎಳೆದುಬಿಟ್ಟ. ಈ ಮುದುಕ ಕೊನೆಗೂ ತಪ್ಪಿಸಿಕೊಂಡ ಎಂದುಕೊಂಡಳು. ಅಪ್ಪನನ್ನು ಅಷ್ಟು ದ್ವೇಷಿಸಿದ್ದು ಅವಳಿಗೆ ಅದೇ ಮೊದಲು.

ಮೊದಲ ಭಾಗ ಮುಗಿದು ಎರಡನೆಯದು ಬಂತು. ಆ ಜಾಗ ಬಂತು. ಹನ್ನೆರಡು ವಾದ್ಯಗಳೂ ಅರವತ್ತು ವರ್ಷಗಳ ರೂಢಿಯಂತೆ ಸುಮ್ಮನಾದವು.

ಒಂದು ಪಿಟೀಲು ಸುಮ್ಮನಾಗಲಿಲ್ಲ.

ಜೋಸಿಯ ಕೊಳಲು ತಡವರಿಸಿತು. ಯಾರೋ ನಕ್ಕರು. "ವಯಸ್ಸಾಯ್ತಲ್ಲೋ ಮರ್ಟಿ, ತಪ್ಪಿದೆ!"

ಅಪ್ಪ ನಿಲ್ಲಿಸಲಿಲ್ಲ. ಭಾಗ ಮರಳಿ ಬಂದಾಗ ಅದೇ ಜಾಗದಲ್ಲಿ ಅತ್ತೆಯ ಅದೇ ಸ್ವರವನ್ನು ಇನ್ನೂ ಗಟ್ಟಿಯಾಗಿ ನುಡಿಸಿದ. ಈ ಸಲ ಯಾರೂ ನಗಲಿಲ್ಲ. ಒಬ್ಬೊಬ್ಬರಾಗಿ ವಾದ್ಯ ಇಳಿಸಿದರು. ಜೋಸಿ ಕೊಳಲನ್ನು ತುಟಿಯಿಂದ ತೆಗೆದು ಶವಪೆಟ್ಟಿಗೆಯ ಕಡೆ ನೋಡಿದ.

ಡಿಂಪ್ನಾ ಹಾಳೆಯನ್ನು ಜೇಬಿಗೆ ಸೇರಿಸಿ, ಕಾನ್ಸರ್ಟಿನಾದ ಪಟ್ಟಿಗಳಿಗೆ ಕೈತೂರಿಸಿದಳು. ಮುಂದಿನ ಸುತ್ತಿಗೆ ಅಪ್ಪನ ಜೊತೆ ಸೇರಿಕೊಂಡಳು. ಆ ಜಾಗ ಬಂದಾಗ ಮೂಕ ಬಟನ್ನನ್ನೇ ಒತ್ತಿ ತಿದಿ ಎಳೆದಳು. ಅತ್ತೆಯ ಕಾನ್ಸರ್ಟಿನಾದಿಂದ ಬರೀ ಗಾಳಿ ಹೊರಟಿತು, ಅದರ ಮೇಲೆ ಅಪ್ಪನ ಪಿಟೀಲಿನ ಸ್ವರ.