ಸೀಟು ಹಿಡಿದು ಓಡಿದವನು

“ಆ ಸೈಕಲ್ಲನ್ನ ಯಾರಾದ್ರೂ ಆಚೆ ತೆಗೀರಪ್ಪ, ಇಲ್ಲಿ ತಿರುಗೋಕೆ ಜಾಗ ಇಲ್ಲ!” ಸ್ಟ್ರೆಚರಿನ ಮುಂದಿನ ಹಿಡಿ ಹಿಡಿದಿದ್ದ ಬೇಕರಿಯವನು ಏದುಸಿರು ಬಿಡುತ್ತಾ ಕೂಗಿದ.

ನಡುಮನೆಯಿಂದ ಹೊರಬಾಗಿಲಿಗೆ ಹೋಗುವ ಇಕ್ಕಟ್ಟು ಹಾದಿಯಲ್ಲಿ ಅಕ್ಕ ಸಿಕ್ಕಿಕೊಂಡಿದ್ದಳು. ಈ ಮನೆ ಕಟ್ಟಿದವನ ಕೈಗೆ ಟೇಪು ಕೊಟ್ಟ ಪುಣ್ಯಾತ್ಮ ಯಾರೋ ಎಂದು ಬದುಕಿದ್ದಷ್ಟು ದಿನ ಅವಳು ಬೈದ ಹಾದಿಯೇ ಅದು. ಹಿಂದಿನ ಹಿಡಿ ತಮ್ಮನ ಕೈಯಲ್ಲಿತ್ತು. ಗೋಡೆಗೆ ಒರಗಿಸಿದ್ದ ಸೈಕಲ್ಲು ಅವನಿಗೆ ಕಾಣಿಸುತ್ತಿತ್ತು, ಆದರೆ ಎರಡೂ ಕೈ ಹಿಡಿಯ ಮೇಲಿದ್ದವು. ಕೊನೆಗೆ ಅಕ್ಕನ ಮಗಳು ಬಂದು ಅದನ್ನು ಎತ್ತಿ ಅಡುಗೆಮನೆಯೊಳಕ್ಕೆ ಇಟ್ಟಳು. ಎತ್ತುವಾಗ ಬೆಲ್ಲಿಗೆ ಬೆರಳು ತಾಗಿ ಟಿಣ್ ಎಂದಿತು. ಆ ಒಂದು ಸದ್ದಿಗೆ, ಅತ್ತು ಸುಮ್ಮನಾಗಿದ್ದ ಹೆಂಗಸರೆಲ್ಲ ಮತ್ತೆ ಅಳತೊಡಗಿದರು.

“ಸುಸ್ತಾದ್ರೆ ಹೇಳು, ನಾನು ಹಿಡ್ಕೊತೀನಿ” ಎಂದರು ಭಾವ, ಪಕ್ಕದಲ್ಲಿ ನಡೆಯುತ್ತಾ.

“ಬೇಡ ಭಾವ.”

ಸುಸ್ತಾಗಿರಲಿಲ್ಲ. ಅಕ್ಕ ಅಷ್ಟು ಹಗುರಾಗಿದ್ದಳು. ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಾ ಕೂತಲ್ಲೇ ಕೂತು ಮೈ ಬೆಳೆಸಿಕೊಂಡಿದ್ದವಳು, ಸೈಕಲ್ಲು ತುಳಿಯತೊಡಗಿದ ಮೇಲೆ ತನ್ನ ರವಿಕೆಗಳನ್ನೆಲ್ಲ ತಾನೇ ಬಿಚ್ಚಿ ಚಿಕ್ಕದಾಗಿ ಹೊಲಿದುಕೊಂಡಿದ್ದಳು. ನಿನ್ನೆ ಮಧ್ಯಾಹ್ನ ಮಷೀನಿನ ಮೇಲೆ ತಲೆಯಿಟ್ಟಿದ್ದಾಗ ದಾರ ಕಚ್ಚಿ ಕತ್ತರಿಸುತ್ತಿದ್ದಾಳೆ ಎಂದೇ ಮಗಳು ತಿಳಿದಿದ್ದಳು. ಕರೆದು ಕರೆದು ಸಾಕಾಗಿ ಭುಜ ಮುಟ್ಟಿದಾಗ ಅರ್ಧ ಹೊಲಿದ ತೋಳೊಂದು ಅಕ್ಕನ ಕೆನ್ನೆಗೆ ಅಂಟಿಕೊಂಡಿತ್ತು.

ತಮ್ಮನ ಬಾಯಿ ಒಣಗಿತ್ತು. ಬೆಳಿಗ್ಗೆಯಿಂದ ಎಷ್ಟು ನೀರು ಕುಡಿದರೂ ತಣಿಯದ ದಾಹ ಅದು. ಆ ಬಾಯಾರಿಕೆಯ ಪರಿಚಯ ಅವನಿಗೆ ಚೆನ್ನಾಗಿತ್ತು. ಇದೊಂದು ಮುಗಿಯಲಿ, ಸಂಜೆ ಗಿರಣಿ ಮೂಲೆಯ ಬ್ರಾಂದಿ ಅಂಗಡಿಗೆ ಹೋಗುತ್ತೇನೆ, ಆಮೇಲೆ ಏನಾದರೂ ಆಗಲಿ ಎಂದು ಅವನು ಆಗಲೇ ನಿರ್ಧರಿಸಿಬಿಟ್ಟಿದ್ದ.

*

ಅವನನ್ನು ಊರು ಪೀಪಾಯಿ ಎಂದು ಕರೆಯುತ್ತಿತ್ತು. ಹೊಟ್ಟೆ ನೋಡಿ ಇಟ್ಟದ್ದೋ, ಹೊಟ್ಟೆಯೊಳಗಿದ್ದದ್ದು ನೋಡಿ ಇಟ್ಟದ್ದೋ, ಎರಡಕ್ಕೂ ಒಪ್ಪುತ್ತಿತ್ತು. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಮಷೀನು ಅವನದು. ಕೈ ನಡುಗತೊಡಗಿದ ಮೇಲೆ ಮಾಲೀಕ, “ಇವತ್ತು ಕಾಗದ ಕತ್ತರಿಸ್ತೀಯ, ನಾಳೆ ಬೆರಳು ಕತ್ತರಿಸ್ಕೊತೀಯ. ನಂಗ್ಯಾಕಪ್ಪ ಆ ಪಾಪ?” ಎಂದು ಬಂಡಲು ಕಟ್ಟುವ ಕೆಲಸಕ್ಕೆ ಹಾಕಿದ. ಹೆಂಡತಿ ತವರಿಗೆ ಹೋದವಳು ಬರಲಿಲ್ಲ. ಡಾಕ್ಟರು ಲಿವರಿನ ಚಿತ್ರ ತೋರಿಸಿ, “ಹೀಗೇ ಮುಂದುವರಿಸೋದಾದ್ರೆ ನನ್ನ ಹತ್ರ ಬರೋ ಶ್ರಮ ತಗೋಬೇಡಿ” ಎಂದರು.

ಅಕ್ಕ ಬೈದಳು, ಅತ್ತಳು, ಆಣೆ ಹಾಕಿಸಿಕೊಂಡಳು. ಜಿಮ್ಮಿಗೆ ಸೇರಿಸಿದಳು, ಅವನು ಎರಡನೆಯ ದಿನ ಹೋಗಲಿಲ್ಲ. ವಾಕಿಂಗಿಗೆಂದು ಹೊರಡಿಸಿದಳು, ಅವನು ಅಂಗಡಿಯವರೆಗೆ ವಾಕ್ ಮಾಡಿ ಬಂದ. ಕೇಳಿದರೆ “ನಾಳೆಯಿಂದ ಅಕ್ಕಾ” ಎನ್ನುತ್ತಿದ್ದ. ಆ ನಾಳೆಗೆ ಯಾವ ಕ್ಯಾಲೆಂಡರಿನಲ್ಲೂ ಜಾಗವಿರಲಿಲ್ಲ.

ಒಂದು ದಿನ ಮುಂಜಾನೆ ಬಾಗಿಲು ಬಡಿದಳು. ತೆಗೆದರೆ, ಯಾರೋ ಬಿಟ್ಟುಕೊಟ್ಟ ಲೇಡೀಸ್ ಸೈಕಲ್ಲೊಂದನ್ನು ಹಿಡಿದು ನಿಂತಿದ್ದಳು.

“ನನ್ನ ಶುಗರ್ ಜಾಸ್ತಿಯಾಗಿದೆಯಂತೆ ಕಣೋ. ಸೈಕಲ್ ಹೊಡೀಬೇಕಂತೆ. ಕಲಿಸು ಬಾ.”

“ನಂಗೇ ಬರಲ್ವಲ್ಲೇ ಅಕ್ಕಾ!”

“ನೀನೇನೂ ಹೊಡೀಬೇಡ. ಹಿಂದಿನಿಂದ ಸೀಟು ಹಿಡ್ಕೊಂಡು ಓಡು, ಸಾಕು. ನಂಗೆ ಬ್ಯಾಲೆನ್ಸ್ ಇಲ್ಲ.”

“ಭಾವಂಗೆ ಹೇಳು.”

“ಅವರ ಮುಂದೆ ಬಿದ್ರೆ ಜೀವನವಿಡೀ ಆಡ್ಕೊತಾರೆ. ನಿನ್ನ ಮುಂದೆ ಬಿದ್ರೆ ಏನು? ನೀನೇ ದಿನಾ ಚರಂಡೀಲಿ ಬೀಳೋನು.”

ಮುಚ್ಚಿದ ಗಿರಣಿಯ ಹಿಂದೆ ಕೆರೆಯ ದಂಡೆಗುಂಟ ಒಂದು ನೇರ ರಸ್ತೆಯಿತ್ತು. ಮೊದಲನೆಯ ದಿನ ಕರೆಂಟು ಕಂಬದಿಂದ ಕಂಬಕ್ಕೆ ಓಡುವಷ್ಟರಲ್ಲಿ ತಮ್ಮ ಬೇಲಿ ಹಿಡಿದು ಕಕ್ಕಿದ. ಅಕ್ಕ ಬೆನ್ನು ಸವರಲಿಲ್ಲ. “ಒಂದು ಮಾತು ಕೇಳು” ಎಂದಳು. “ರಾತ್ರಿ ಕುಡಿದ ಕೈಗೆ ನನ್ನ ಮೂಳೆ ಒಪ್ಪಿಸಲ್ಲ. ನಾಳೆ ವಾಸನೆ ಬಂದ್ರೆ ನಾನೊಬ್ಳೇ ಹತ್ತಿಬಿಡ್ತೀನಿ. ಆಮೇಲೆ ಏನಾದ್ರೂ ಆದ್ರೆ ನಿನ್ನ ಹಣೆಬರಹ.”

ಕೆಲವು ದಿನ ತಡೆದುಕೊಂಡ. ಆಮೇಲೊಂದು ಬೆಳಿಗ್ಗೆ ವಾಸನೆ ಹೊತ್ತುಕೊಂಡೇ ಹೋದ. ಅಕ್ಕ ಒಂದು ಸಲ ಮೂಗು ಅರಳಿಸಿ ನೋಡಿದಳು, ಸೀಟಿನಿಂದ ಅವನ ಕೈ ಕಿತ್ತೊಗೆದಳು, ಹತ್ತಿ ಹೊರಟೇಬಿಟ್ಟಳು. ಹ್ಯಾಂಡಲ್ಲು ಅತ್ತಿತ್ತ ಓಲಾಡಿತು. ಅವನು ಕೂಗುತ್ತಾ ಹಿಂದೆ ಓಡುವಷ್ಟರಲ್ಲಿ ಸೈಕಲ್ಲು ಜಲ್ಲಿಯ ರಾಶಿಗೆ ನುಗ್ಗಿತು. ಮೊಣಕೈ ಸೀಳಿ ಮೂಳೆಯ ಬಿಳಿ ಕಾಣಿಸಿತು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕುವಾಗ ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು. “ಇವರಿಗಿಂತ ನಾನೇ ಚೆನ್ನಾಗಿ ಹೊಲೀತೀನಿ ಅಂತ ಈ ಡಾಕ್ಟರಿಗೆ ಹೇಳೋ” ಎಂದಳು.

ಅಂದಿನಿಂದ ಅವನು ಕುಡಿಯಲಿಲ್ಲ. ಸಂಜೆ ಕೈ ತುರಿಸುತ್ತಿತ್ತು, ಹಲ್ಲು ಕಚ್ಚಿ ಮಲಗುತ್ತಿದ್ದ. ಬೆಳಿಗ್ಗೆ ತಾನು ಹೋಗದಿದ್ದರೆ ಆ ಮುದುಕಿ ಒಬ್ಬಳೇ ಹತ್ತಿ ಸಾಯುತ್ತಾಳೆ ಎಂಬ ಹೆದರಿಕೆ. ಓಡಿ ಓಡಿ ಹಸಿವು ಮರಳಿತು, ನಿದ್ದೆ ಮರಳಿತು, ಹೊಟ್ಟೆ ಇಳಿಯಿತು. ಕೈಯ ನಡುಕ ನಿಂತಿತು. ಮಾಲೀಕ ಅವನನ್ನು ಮತ್ತೆ ಕತ್ತರಿಸುವ ಮಷೀನಿಗೆ ಕೂರಿಸಿದ. ಅಕ್ಕನಿಗೆ ಮಾತ್ರ ಬ್ಯಾಲೆನ್ಸ್ ಬರಲೇ ಇಲ್ಲ. “ಇಷ್ಟು ದಡ್ಡಿನ ನಾನು ನೋಡೇ ಇಲ್ಲ” ಎಂದು ಅವನು ಹಿಂದಿನಿಂದ ಬೈಯುತ್ತಿದ್ದ. ಬೈಯುವಾಗ ಎದೆಯುಬ್ಬುತ್ತಿತ್ತು. ಈ ಭೂಮಿಯ ಮೇಲೆ ಒಂದು ಜೀವಕ್ಕಾದರೂ ತಾನು ಬೇಕು, ತಾನು ಕೈ ಬಿಟ್ಟರೆ ಒಬ್ಬಳು ಬೀಳುತ್ತಾಳೆ ಎಂಬುದು ಅವನ ಪಾಲಿಗೆ ಸಣ್ಣ ಸಂಗತಿಯಾಗಿರಲಿಲ್ಲ.

*

ಮಣ್ಣು ಮಾಡಿದ್ದಾಯಿತು. ಜನ ನಲ್ಲಿಯ ಹತ್ತಿರ ಸಾಲಾಗಿ ನಿಂತು ಕೈ ತೊಳೆಯುತ್ತಿದ್ದರು. ತಮ್ಮ ಗೋಡೆಯ ನೆರಳಿನಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದ. ಮಣ್ಣು ಮೆತ್ತಿದ ಕೈಗಳನ್ನು ಕಂಕುಳಲ್ಲಿ ಅದುಮಿಕೊಂಡಿದ್ದ.

ಕನ್ನಡಕದ ಹೆಂಗಸೊಬ್ಬರು ಬಸ್ಸಿಳಿದು ನೇರ ಬಂದಿದ್ದರು, ಕೈಯಲ್ಲಿ ಚೀಲ ಇನ್ನೂ ಇತ್ತು. ಅಕ್ಕನ ಮುಖ ನೋಡಲಾಗಲಿಲ್ಲವೆಂದು ಅತ್ತು, ಅವನ ಪಕ್ಕದಲ್ಲೇ ಕೂತರು.

“ನೀನು ತಮ್ಮ ಅಲ್ವಾ? ತೊಟ್ಟಿಲಲ್ಲಿದ್ದಾಗ ನೋಡಿದ್ದು ನಿನ್ನ. ನಾನೂ ನಿಮ್ಮಕ್ಕನೂ ಒಂದೇ ಬೀದಿ ಆಗ, ಹಳೇ ಊರಲ್ಲಿ. ನಿಮ್ಮಮ್ಮ ನಿನ್ನ ಹೆತ್ತು ಹಾಸಿಗೆ ಹಿಡಿದಿದ್ರು. ಮನೆ ನಡೀಬೇಕಲ್ಲ? ಡೈರಿಯಿಂದ ಮನೆಮನೆಗೆ ಹಾಲು ಹಾಕೋ ಕೆಲಸ ಇವಳೇ ಹಿಡಿದ್ಲು. ಅಬ್ಬಾ, ಏನು ಸೈಕಲ್ ಹೊಡೀತಿದ್ಲಪ್ಪ! ಗಂಡಸರ ಸೈಕಲ್ಲು, ಎರಡೂ ಕಡೆ ಕ್ಯಾನು, ಇಳಿಜಾರಲ್ಲಿ ಎರಡು ಕೈನೂ ಬಿಟ್ಟು ಹಾಡು ಹೇಳ್ಕೊಂಡು ಬರ್ತಿದ್ಲು. ಒಂದು ತೊಟ್ಟು ಚೆಲ್ತಿರಲಿಲ್ಲ.”

ತಮ್ಮ ತಿರುಗಿ ನೋಡಿದ. “ಯಾರು?”

“ನಿಮ್ಮಕ್ಕ ಕಣಪ್ಪ. ಇನ್ಯಾರು?”

“ಅವಳಿಗೆ ಸೈಕಲ್ ಬರಲ್ಲ.”

“ಏನಂದೆ?” ಅವರು ಅಳುವಿನ ನಡುವೆಯೇ ನಕ್ಕರು. “ಅವಳಿಗೆ ಬರ್ದೇ ಇನ್ಯಾರಿಗೆ ಬರುತ್ತೆ? ಅವಳು ಬಿದ್ದಿದ್ದನ್ನ ನಾನು ಒಂದು ದಿನ ನೋಡಿದವಳಲ್ಲ.”

ತಮ್ಮನಿಗೆ ಜಲ್ಲಿಯ ರಾಶಿ ಕಣ್ಣಿಗೆ ಬಂತು. ಮೊಣಕೈಯ ಬಿಳಿ ಬಂತು. ಆಸ್ಪತ್ರೆಯ ಬೆಂಚಿನಲ್ಲಿ ತನ್ನ ಮುಖವನ್ನೇ ನೋಡುತ್ತಿದ್ದ ಅಕ್ಕ ಬಂದಳು. ಅವನು ಎದ್ದು ನಿಂತ. ಹಸಿ ಮಣ್ಣಿನ ಗುಡ್ಡೆಯ ಕಡೆ ಎರಡು ಹೆಜ್ಜೆ ಹಾಕಿದ, ಮತ್ತೆ ನಿಂತ. ಕೇಳಬೇಕಾದವಳು ಒಳಗಿದ್ದಳು.

*

“ನಿಮಗೆ ಗೊತ್ತಿತ್ತಾ?” ಮನೆಗೆ ಬಂದ ಮೇಲೆ ಭಾವನನ್ನು ಕೇಳಿದ.

ಭಾವ ಹೊಲಿಗೆ ಮಷೀನಿನ ಮುಂದೆ ಕೂತಿದ್ದರು. ಏನು ಎಂದು ಕೇಳಲಿಲ್ಲ. “ಮದುವೆ ಗೊತ್ತಾದಾಗ ಸೈಕಲ್ಲಿನ ಹಿಂದೆ ನನ್ನನ್ನ ಕೂರಿಸ್ಕೊಂಡು ಊರೆಲ್ಲ ಸುತ್ತಿಸಿದ್ಲು. ನಾನು ಹೆದರಿ ಕಣ್ಣು ಮುಚ್ಕೊಂಡಿದ್ದೆ.”

“ಹಾಗಾದ್ರೆ ಇಷ್ಟು ದಿನ ನಾನು ಓಡಿದ್ದು?”

“ಹೇಳಬಾರದು ಅಂತ ಬಾಯಿ ಕಟ್ಟಿದ್ಲು.”

“ನನ್ನ ಕೋತಿ ಮಾಡಿದ್ರಿ ಎಲ್ಲ ಸೇರ್ಕೊಂಡು!” ಅವನ ದನಿ ಸೀಳಿತು. “ನಾನಿಲ್ದಿದ್ರೆ ಬೀಳ್ತಾಳೆ ಅಂದ್ಕೊಂಡು, ಜ್ವರ ಬಂದಾಗಲೂ ಓಡಿದ್ದೀನಿ ಭಾವ. ನಾನು ಬೇಕೇ ಇರಲಿಲ್ಲ ಅವಳಿಗೆ!”

ಅಡುಗೆಮನೆಯ ಬಾಗಿಲಲ್ಲಿ ಅಕ್ಕನ ಮಗಳು ಬಂದು ನಿಂತಳು.

“ಶುರು ಮಾಡಿದ್ದು ಸುಳ್ಳೇ” ಎಂದರು ಭಾವ. “ಶುಗರ್ ಇದ್ದದ್ದೇನೋ ನಿಜ, ಆದರೆ ಸೈಕಲ್ ಹೊಡಿ ಅಂತ ಯಾವ ಡಾಕ್ಟ್ರೂ ಹೇಳಿರಲಿಲ್ಲ. ತುಳೀತಾ ತುಳೀತಾ ಅವಳಿಗೇ ಅದರ ರುಚಿ ಹತ್ತಿತು. ಬಂದು ಕೆರೆ ವಿಷಯ, ಬೆಳಗಿನ ಗಾಳಿ ವಿಷಯ ಹೇಳೋಳು. ಒಂದಿನ ನಾನೇ ಕೇಳ್ದೆ, ಇನ್ನಾದ್ರೂ ಹೇಳಿಬಿಡೇ ಅಂತ. ಅದಕ್ಕವಳು, ನಾನು ಕಲಿತೆ ಅಂದ ದಿನ ಅವನು ನಿಂತುಬಿಡ್ತಾನೆ, ನಿಂತರೆ ಮತ್ತೆ ಆ ಅಂಗಡೀಲೇ ಹೋಗಿ ಕೂರ್ತಾನೆ ಅಂದ್ಲು. ಹೆದರಿಕೆ ಇತ್ತು ಅವಳಿಗೆ. ದಿನಾ ಇತ್ತು.”

ತಮ್ಮ ಚಪ್ಪಲಿ ಮೆಟ್ಟಿದ.

“ಮಾವ, ಒಂದು ತುತ್ತು ತಿಂದು ಹೋಗು” ಎಂದಳು ಹುಡುಗಿ. ಅವನು ತಿರುಗಲಿಲ್ಲ. ಅವನೆಲ್ಲಿಗೆ ಹೊರಟ ಎಂದು ಮೂವರಿಗೂ ತಿಳಿದಿತ್ತು.

“ಹೋಗಬೇಡ ಅಂತ ಕಟ್ಟಿ ಹಾಕೋ ಶಕ್ತಿ ನನಗಿಲ್ಲ ಕಣೋ” ಎಂದರು ಭಾವ, ಕೂತಲ್ಲಿಂದಲೇ. “ಅವಳ ಹಾಗೆ ಸುಳ್ಳು ಹೇಳೋಕೂ ಬರಲ್ಲ.”

*

ಹೊತ್ತು ಇಳಿಯುತ್ತಿತ್ತು. ಗಿರಣಿ ಮೂಲೆಯ ಅಂಗಡಿಯ ಮುಂದೆ ಮೂರು ಮೆಟ್ಟಿಲು. ಗಲ್ಲಾದ ಹಿಂದಿದ್ದವನು ಅವನನ್ನು ನೋಡಿ ಎದ್ದೇ ನಿಂತ.

“ಬಾರೋ ಪೀಪಾಯಿ. ಅಕ್ಕನ ಸುದ್ದಿ ಕೇಳ್ದೆ, ಛೆ. ಒಳಗೆ ಬಾ, ಇವತ್ತು ನಾನು ಕೊಡಿಸ್ತೀನಿ.”

ತಮ್ಮ ಮೊದಲ ಮೆಟ್ಟಿಲೇರಿದ. ಒಳಗಿನ ವಾಸನೆ ಮುಖಕ್ಕೆ ಬಡಿಯಿತು. ಒಣಗಿದ್ದ ಬಾಯಲ್ಲಿ ನೀರು ಉಕ್ಕಿ ಗದ್ದದ ಮೇಲೆ ಇಳಿಯಿತು. ಮಣ್ಣು ಮೆತ್ತಿದ ಕೈಯಲ್ಲೇ ಅದನ್ನು ಒರೆಸಿಕೊಂಡ. ಅಕ್ಕನ ಮೇಲೆ ಹಾಕಿದ ಮಣ್ಣು ಅದು, ಅವನು ಕೈ ತೊಳೆಯುವುದನ್ನೇ ಮರೆತಿದ್ದ. ತುಟಿಗೆ ಮಣ್ಣಿನ ರುಚಿ ಹತ್ತಿತು. ತಾನು ಎಂಥವನೆಂದು ಆ ಕ್ಷಣ ಅವನಿಗೆ ಕಂಡಿತು. ಕಂಡದ್ದಕ್ಕೆ ಅವನು ಹೆದರಿದ.

ಮೆಟ್ಟಿಲಿಳಿದು ಓಡಿದ.

“ಏಯ್, ಏನಾಯ್ತೋ?” ಎಂದು ಅಂಗಡಿಯವನು ಕೂಗಿದ್ದು ಕೇಳಿಸಿತು. ಚಪ್ಪಲಿ ಎಲ್ಲೋ ಕಳಚಿಹೋದವು. ಗಿರಣಿಯ ಗೋಡೆ ದಾಟಿದ, ಕೆರೆಯ ರಸ್ತೆಗೆ ಬಿದ್ದ. ಎಲ್ಲಿಗೆ ಎಂದು ಅವನಿಗೇ ಗೊತ್ತಿರಲಿಲ್ಲ. ನಿಂತರೆ ಕಾಲು ಹಿಂದಕ್ಕೇ ತಿರುಗುತ್ತದೆ ಎಂಬುದಷ್ಟೇ ಗೊತ್ತಿತ್ತು. “ಸುಳ್ಳಿ!” ಎಂದು ಕೂಗಿದ. “ಮೋಸಗಾತಿ! ಕಳ್ಳಿ! ನಾಳೆ ಬೆಳಿಗ್ಗೆ ನನ್ನ ಎಬ್ಬಿಸೋರು ಯಾರೇ?” ಸಂಜೆಯ ಗಾಳಿಗೆ ಬಂದಿದ್ದ ದಂಪತಿ ಹೆದರಿ ಪಕ್ಕಕ್ಕೆ ಸರಿದರು. ಅವನ ಕಣ್ಣು, ಮೂಗು, ಬಾಯಿ ಎಲ್ಲ ಸೋರುತ್ತಿತ್ತು. ಅಂಗಾಲಿಗೆ ಜಲ್ಲಿ ಚುಚ್ಚುತ್ತಿತ್ತು. ಓಟ ಮಾತ್ರ ನಿಲ್ಲಲಿಲ್ಲ.

ಎದುರಿನಿಂದ ಕೆಲಸ ಮುಗಿಸಿ ಬರುತ್ತಿದ್ದವನೊಬ್ಬ ಸೈಕಲ್ಲಿನ ಮೇಲಿಂದ ಅವನನ್ನು ಕಂಡ. ಬರಿಗಾಲ ಮನುಷ್ಯನೊಬ್ಬ ಮುಂದಕ್ಕೆ ಬಗ್ಗಿ, ಬಲಗೈಯನ್ನು ಸೊಂಟದ ಎತ್ತರಕ್ಕೆ ಮುಂದೆ ಚಾಚಿ, ಮುಷ್ಟಿ ಬಿಗಿಹಿಡಿದು ಓಡಿಬರುತ್ತಿದ್ದ. ಮುಷ್ಟಿಯೊಳಗೆ ಏನೂ ಇರಲಿಲ್ಲ. ಸೈಕಲ್ಲಿನವನು ಒಂದು ಗಳಿಗೆ ತಬ್ಬಿಬ್ಬಾಗಿ, ಹ್ಯಾಂಡಲ್ಲು ತಿರುಗಿಸಿ, ಅವನ ಮುಂದಿನ ಆ ಖಾಲಿ ಜಾಗಕ್ಕೂ ದಾರಿ ಬಿಟ್ಟು ಅಂಚಿಗೆ ಸರಿದುಹೋದ.